ಗೆರೆಯಣ್ಣನ ನಲವತ್ತೊಂದು ಪದರ

ಗೆರೆಯಣ್ಣನಿಗೆ ಆ ಹೆಂಗಸಿನ ಮೇಲೆ ಅನುಮಾನ ಹುಟ್ಟಿದ್ದು ಅವಳು ಟೀ ಬೇಡ ಅಂದಾಗ. ಕಟ್ಟಡ ಕಟ್ಟುವವರ ಆಫೀಸಿಗೆ ಬಂದು ಟೀ ಬೇಡ ಅನ್ನುವವರನ್ನು ಅವನು ಮೂವತ್ತೊಂದು ವರ್ಷದಲ್ಲಿ ಕಂಡಿರಲಿಲ್ಲ. ಸಿಮೆಂಟು ಮಾರುವವರು ಕುಡಿಯುತ್ತಾರೆ, ಟೈಲ್ಸಿನವರು ಕುಡಿಯುತ್ತಾರೆ, ತಪ್ಪು ಹುಡುಕಲೆಂದೇ ಬರುವ ಇನ್‌ಸ್ಪೆಕ್ಟರಂತೂ ಎರಡು ಸಲ ಕುಡಿಯುತ್ತಾನೆ. ಇವಳು ನೀರಿನ ಬಾಟಲಿಯನ್ನೂ ಮನೆಯಿಂದಲೇ ತಂದಿದ್ದಳು. ನಿಮ್ಮದೇನೂ ಬೇಡ ಅನ್ನುವವರಿಗೆ ನಮ್ಮಿಂದ ಏನೋ ದೊಡ್ಡದೇ ಬೇಕಾಗಿರುತ್ತದೆ ಎಂದು ಗೆರೆಯಣ್ಣ ಮನಸ್ಸಿನಲ್ಲೇ ಬರೆದಿಟ್ಟುಕೊಂಡ.

ಗೆರೆಯಣ್ಣ ಅಂದರೆ ಆ ಆಫೀಸಿನ ನಕ್ಷೆಗಾರ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಸಂಬಳದ ಚೀಟಿಯಲ್ಲಿ ಬಿಟ್ಟರೆ ಅದಕ್ಕೆ ಎಲ್ಲೂ ಕೆಲಸವಿರಲಿಲ್ಲ. ನಕ್ಷೆಯ ಮೂಲೆಯ ಚೌಕದಲ್ಲಿ ದಪ್ಪಕ್ಷರದಲ್ಲಿ ಯಜಮಾನರ ಹೆಸರು, ಅದರ ಕೆಳಗೆ ಎಂಜಿನಿಯರರ ಹೆಸರು, ತೀರ ಕೆಳಗೆ ‘ಬರೆದವರು’ ಎಂಬಲ್ಲಿ ಇವನದು ಒಂದೇ ಒಂದು ಅಕ್ಷರ. ಅದರ ಬಗ್ಗೆ ತನಗೇನೂ ಬೇಸರವಿಲ್ಲ ಎಂದು ಅವನು ಹೇಳಿಕೊಳ್ಳುತ್ತಿದ್ದ. ಬೇಸರವಿಲ್ಲದವನು ಅದನ್ನು ವರ್ಷಕ್ಕೆ ನಾಲ್ಕು ಸಲ ಯಾಕೆ ಹೇಳಬೇಕು, ಅದು ಬೇರೆ ಮಾತು.

ಎರಡನೇ ಮಹಡಿಯ ಕಿಟಕಿಯ ಪಕ್ಕದ ಕುರ್ಚಿ ಅವನದು. ಆ ಕಂಪನಿ ಕಟ್ಟಿದ ಯಾವ ಕಟ್ಟಡದಲ್ಲೇ ಆಗಲಿ, ಗೋಡೆ ಒಡೆಯುವುದಿದ್ದರೂ ನೆಲಕ್ಕೆ ತೂತು ಹಾಕುವುದಿದ್ದರೂ ಮೊದಲು ಆ ಕುರ್ಚಿಯ ಹತ್ತಿರ ಬಂದು, ‘ಗೆರೆಯಣ್ಣ, ಇದರೊಳಗೆ ಏನಿದೆ?’ ಎಂದು ಕೇಳಬೇಕು. ಕೇಳದೆ ಯಾರೂ ಕೈ ಹಚ್ಚಿದ್ದಿಲ್ಲ. ಅವನು ಕನ್ನಡಕ ಹಣೆಗೇರಿಸಿ, ಸ್ವಲ್ಪ ಹೊತ್ತು ಕಾಯಿಸಿ, ಆಮೇಲೆ ಹೇಳುತ್ತಿದ್ದ. ಹಾಗೆ ಕಾಯಿಸುವುದರಲ್ಲಿದ್ದ ಸುಖ ಅವನಿಗೆ ಇನ್ನಾವುದರಲ್ಲೂ ಇರಲಿಲ್ಲ.

ಜನ ಕೇಳಲೇಬೇಕಾದ ಹಾಗೆ ಅವನೇ ಮಾಡಿಟ್ಟಿದ್ದ. ಆಫೀಸಿಗೆ ಕಂಪ್ಯೂಟರ್ ಬಂದಾಗ ನಕ್ಷೆಗಾರರು ನಾಲ್ಕು ಜನ. ಮೂವರು ಸಾಧುಗಳು, ಕಲಿಸಿದ ಹಾಗೆ ಕಲಿತು, ಹೇಳಿದ ಹಾಗೆ ಬರೆದರು. ಅವರ ನಕ್ಷೆಯನ್ನು ಯಾರು ಬೇಕಾದರೂ ಓದಬಹುದಿತ್ತು. ಯಾರು ಬೇಕಾದರೂ ಓದಬಹುದು ಅಂದಮೇಲೆ ಬರೆದವನು ಯಾಕೆ ಬೇಕು? ವರ್ಷಕ್ಕೊಬ್ಬರಂತೆ ಮೂವರನ್ನೂ ಯಜಮಾನರು ಕೈಗೊಂದು ಗಡಿಯಾರ ಕಟ್ಟಿ ಮನೆಗೆ ಕಳಿಸಿದರು. ಗೆರೆಯಣ್ಣ ಅದನ್ನೆಲ್ಲ ಕಣ್ಣಾರೆ ನೋಡಿದ, ನೋಡಿ ಒಂದು ಉಪಾಯ ಹೂಡಿದ.

ಕಂಪ್ಯೂಟರಿನ ನಕ್ಷೆ ಅಂದರೆ ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದ ಹಾಗೆ. ಗೋಡೆಗೊಂದು ಪದರ, ನೀರಿನ ಕೊಳವೆಗೊಂದು, ವಿದ್ಯುತ್ ತಂತಿಗೊಂದು. ಪ್ರತಿ ಪದರಕ್ಕೂ ಒಂದು ಹೆಸರು ಕೊಡಬೇಕು. ಗೆರೆಯಣ್ಣ ತನ್ನ ಪದರಗಳಿಗೆ ಹೆಂಡತಿಯ ತವರಿನ ನೆಂಟರನ್ನು ಹಂಚಿಬಿಟ್ಟ. ಭಾರ ಹೊರುವ, ಅಲ್ಲಾಡಿಸಲಾಗದ ಗೋಡೆಗೆ ‘ಅತ್ತೆ’. ಬಾಯಿ ಮುಚ್ಚಿಕೊಂಡು ಎಲ್ಲವನ್ನೂ ಹೊತ್ತು ನಿಂತ ಕಂಬಗಳಿಗೆ ‘ಮಾವ’. ನೀರಿನ ಕೊಳವೆಗೆ ‘ನಾದಿನಿ’, ಯಾಕೆಂದರೆ ಅವಳ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮುಟ್ಟಿದರೆ ಕಿಡಿ ಹಾರುವ ವಿದ್ಯುತ್ತಿನ ಮುಖ್ಯ ಲೈನಿಗೆ ‘ಬಾಮೈದ’, ಪ್ರಾಯದಲ್ಲಿ ಅವನ ಸಿಟ್ಟು ಹಾಗೇ ಇತ್ತು. ಮುಂದೆಂದಾದರೂ ಬೇಕಾದೀತೆಂದು ನೆಲದೊಳಗೆ ಸುಮ್ಮನೆ ಹಾಕಿಡುವ ಖಾಲಿ ಪೈಪಿಗೆ ‘ಷಡ್ಡಕ’, ಅಂದರೆ ಹೆಂಡತಿಯ ಅಕ್ಕನ ಗಂಡ. ಆ ಮಹಾನುಭಾವನಿಂದ ಯಾರಿಗೂ ಒಂದು ಕಡ್ಡಿಯಷ್ಟು ಉಪಯೋಗವಿರಲಿಲ್ಲ. ಒಟ್ಟು ನಲವತ್ತೊಂದು ಪದರ. ಅವನ ಫೈಲು ತೆರೆದವರಿಗೆ ಕಟ್ಟಡ ಕಾಣುತ್ತಿರಲಿಲ್ಲ, ಮದುವೆ ಮನೆ ಕಾಣುತ್ತಿತ್ತು. ಹೊಸ ಎಂಜಿನಿಯರುಗಳು ತಲೆ ಬುಡ ತಿಳಿಯದೆ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದರು.

ಟೀ ಬೇಡ ಅಂದಿದ್ದ ಆ ಮೇಡಂ ಈ ಮದುವೆ ಮನೆಗೇ ಕೈ ಹಾಕಲು ಬಂದವಳು. ಕಟ್ಟಡ ಕಟ್ಟುವ ಕಂಪನಿಯಿಂದ ಕಂಪನಿಗೆ ಓಡಾಡಿ, ಎಲ್ಲರೂ ಒಂದೇ ರೀತಿಯಲ್ಲಿ ನಕ್ಷೆ ಇಡಿ ಎಂದು ಹೇಳುವುದೇ ಅವಳ ಕೆಲಸವಂತೆ. ಮೇಜಿನ ಸುತ್ತ ಎಲ್ಲರನ್ನೂ ಕೂರಿಸಿ ಹೇಳಿದಳು: “ಈಗ ನಿಮ್ಮ ನಕ್ಷೆ ಒಂದು ಕಂಪನಿಯ ಸಾಫ್ಟ್‌ವೇರಲ್ಲಿದೆ. ನಾಳೆ ಆ ಕಂಪನಿ ಮುಚ್ಚಿದ್ರೆ ನಕ್ಷೆಯೂ ಮುಚ್ಚಿಹೋಯ್ತು. ನಾವು ಹೇಳ್ತಿರೋದು ಮುಕ್ತ ಮಾನದಂಡ. ಗೋಡೆ ಅಂದ್ರೆ ಎಲ್ಲರಿಗೂ ಗೋಡೆ, ಕೊಳವೆ ಅಂದ್ರೆ ಎಲ್ಲರಿಗೂ ಕೊಳವೆ. ಪ್ಲಂಬರ್ ತನ್ನ ಮೊಬೈಲಲ್ಲಿ ತೆರೀಬಹುದು, ಎಂಜಿನಿಯರ್ ತನ್ನ ಕಂಪ್ಯೂಟರಲ್ಲಿ ತೆರೀಬಹುದು. ಯಾರ ಅಪ್ಪಣೆಯೂ ಬೇಕಿಲ್ಲ.”

“ಇದರಿಂದ ನಿಮಗೇನು ಸಿಗುತ್ತೆ?” ಎಂದು ಗೆರೆಯಣ್ಣ ಕೇಳಿದ.

“ನಮಗೇನೂ ಇಲ್ಲ. ಇದು ಯಾರ ಸ್ವತ್ತೂ ಅಲ್ಲ ಸರ್.”

ಯಾರ ಸ್ವತ್ತೂ ಅಲ್ಲದ್ದನ್ನು ಊರೂರು ಹೊತ್ತು ಮಾರುವವರುಂಟೇ? ಗೆರೆಯಣ್ಣನ ಕಿವಿ ನೆಟ್ಟಗಾಯಿತು. ಅಂದಿನಿಂದ ಅವಳ ನಡೆಯನ್ನೆಲ್ಲ ಅಳೆದು ನೋಡತೊಡಗಿದ. ಮೊದಲ ದಿನವೇ ಅವನ ಮೇಜಿನ ಫೋಟೋ ತೆಗೆದುಕೊಂಡಳು. ಎರಡನೇ ದಿನ, “ಇನ್ನೆಷ್ಟು ವರ್ಷ ಸರ್ವೀಸ್ ಇದೆ ಸರ್?” ಎಂದು ನಗುನಗುತ್ತಾ ಕೇಳಿದಳು. ಮೂರನೇ ದಿನ ಯಜಮಾನರ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಹಾಕಿದ್ದನ್ನು ಗೆರೆಯಣ್ಣ ಎಂದೂ ಕಂಡಿರಲಿಲ್ಲ, ಅದಕ್ಕೆ ಚಿಲಕವಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಜೆರಾಕ್ಸ್ ಮಾಡುವ ನೆಪದಲ್ಲಿ ಪಕ್ಕದಲ್ಲಿ ನಿಂತ. ಒಂದೇ ಒಂದು ಮಾತು ಕೇಳಿಸಿತು, ಯಜಮಾನರದು: “ಅವನೊಬ್ಬನ ತಲೇಲಿ ಎಲ್ಲಾ ಇಟ್ಕೊಂಡು ಎಷ್ಟು ದಿನ?”

ಜೆರಾಕ್ಸಿನ ಹಾಳೆಗಳನ್ನು ಅಲ್ಲೇ ಬಿಟ್ಟು ಹೊರಟ. ಮನೆಗೆ ಹೋದವನು ಚಪ್ಪಲಿಯನ್ನೂ ಬಿಡದೆ ಮುಂಭಾಗದ ಕೋಣೆಯಲ್ಲಿ ಕುಸಿದು ಕೂತ. ಅಲ್ಲಿ ಹೆಂಡತಿಯ ಹೊಲಿಗೆ ಯಂತ್ರ ಓಡುತ್ತಿತ್ತು. ಅವಳು ಬೀದಿಯ ಅರ್ಧ ಹೆಂಗಸರಿಗೆ ಬಟ್ಟೆ ಹೊಲಿಯುತ್ತಿದ್ದಳು, ಗೋಡೆಯ ಮೊಳೆಗೆ ಅವರ ಅಳತೆಯ ಚೀಟಿಗಳು ನೇತಾಡುತ್ತಿದ್ದವು.

“ನನ್ನ ಕುರ್ಚಿಗೆ ಸಂಚಕಾರ ಬಂತು ಕಣೇ,” ಎಂದು ಎಲ್ಲವನ್ನೂ ಹೇಳಿದ, ಪದರಗಳ ಹೆಸರನ್ನು ಬಿಟ್ಟು. ಆ ಹೆಸರುಗಳ ಗುಟ್ಟು ಹತ್ತೊಂಬತ್ತು ವರ್ಷದಿಂದ ಅವಳಿಗೆ ತಿಳಿದಿರಲಿಲ್ಲ. ತಿಳಿದಿದ್ದರೆ ಅವನಿಗೆ ಊಟ ಹಾಕುತ್ತಿದ್ದಳೋ ಇಲ್ಲವೋ.

ಅವಳು ದಾರ ಕಚ್ಚಿ ಕತ್ತರಿಸಿ ಹೇಳಿದಳು: “ಅದ್ರಲ್ಲೇನು ತಪ್ಪು? ನನ್ನ ಚೀಟಿ ನೋಡಿ. ಎದೆ ಇಷ್ಟು, ತೋಳು ಇಷ್ಟು ಅಂತ ನೆಟ್ಟಗೆ ಬರ್ದಿಟ್ಟಿದೀನಿ. ನಾಳೆ ನಾನು ಮಲಗಿಬಿಟ್ರೆ ಬೇರೆ ಯಾರಾದ್ರೂ ಓದಿ ಹೊಲಿದುಕೊಡ್ಲಿ ಅಂತ.”

“ಹಾಗೆ ಬರೆದಿಟ್ರೆ ನಿನ್ನ ಹತ್ರ ಯಾಕೆ ಬರ್ತಾರೆ?”

“ನಾನು ಚೆನ್ನಾಗಿ ಹೊಲಿತೀನಿ ಅಂತ ಬರ್ತಾರೆ. ನಿಮ್ಗೆ ಎಲ್ಲದ್ರಲ್ಲೂ ಹುಳುಕೇ ಕಾಣೋದು. ಮೊದ್ಲು ಚಪ್ಪಲಿ ಬಿಡಿ.”

ಗೆರೆಯಣ್ಣನಿಗೆ ಆ ಮಾತು ಎಳ್ಳಷ್ಟೂ ಹಿಡಿಸಲಿಲ್ಲ. ಬಟ್ಟೆಯೇ ಬೇರೆ, ಕಟ್ಟಡವೇ ಬೇರೆ ಎಂದುಕೊಂಡ.

ಮಾರನೆಯ ವಾರ ಒಂದು ಹಳೆಯ ಆಸ್ಪತ್ರೆಯ ನಕ್ಷೆ ತೆಗೆದರು. ಹತ್ತೊಂಬತ್ತು ವರ್ಷದ ಹಿಂದೆ ಅವರದೇ ಕಂಪನಿ ಕಟ್ಟಿದ್ದ ಐದು ಮಹಡಿಯ ಆಸ್ಪತ್ರೆ. ಈಗ ಅಲ್ಲಿ ಹೊಸ ಕೊಳವೆಗಳನ್ನು ಹಾಕಬೇಕು, ಅದಕ್ಕೆ ಬೇರೆ ಬೇರೆ ಕಂಪನಿಯವರು ಬರುತ್ತಾರೆ, ಅವರೆಲ್ಲರಿಗೂ ಮುಕ್ತ ರೂಪದ ಫೈಲು ಕೊಡಬೇಕು. ಮೇಡಂ ಅವನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತಳು. ನಲವತ್ತೊಂದು ಪದರಗಳ ಅರ್ಥ ಅವನ ಬಾಯಿಂದಲೇ ಬರಬೇಕಿತ್ತು.

“ಸರ್, ಈ ‘ನಾದಿನಿ’ ಅಂದ್ರೆ?”

“ನೀರಿನ ಕೊಳವೆ.”

“ಮತ್ತೆ ‘ಸೋದರತ್ತೆ’?”

“ಕೊಳಚೆ ಕೊಳವೆ. ಯಾಕೆ ಅಂತ ಕೇಳ್ಬೇಡಿ.”

ಅವಳು ನಗಲಿಲ್ಲ. ಒಂದೊಂದನ್ನೂ ಬರೆದುಕೊಂಡಳು, ಪ್ರತಿಯೊಂದರ ಮುಂದೆ ಏನೋ ಸಣ್ಣದಾಗಿ ಟೈಪ್ ಮಾಡುತ್ತಾ ಹೋದಳು. ಗೆರೆಯಣ್ಣ ಬಗ್ಗಿ ನೋಡಿದರೆ ಅಕ್ಷರ ಕಾಣದಷ್ಟು ಚಿಕ್ಕದು. ನನ್ನ ಮೇಲೆ ಷರಾ ಬರೆಯುತ್ತಿದ್ದಾಳೆ, ಎಂದುಕೊಂಡ. ಇಪ್ಪತ್ತು ಪದರ ಮುಗಿಯುವಷ್ಟರಲ್ಲಿ ಅವನ ಮೈಯೆಲ್ಲ ಹಗುರವಾದಂತೆ, ಬಟ್ಟೆಯನ್ನೇ ಬಿಚ್ಚಿಕೊಟ್ಟಂತೆ ಅನಿಸಿತು. ನಲವತ್ತೊಂದನೆಯದು ಮುಗಿದರೆ ತನ್ನೊಳಗೆ ಏನೂ ಉಳಿಯುವುದಿಲ್ಲ; ಆಮೇಲೆ ಗಡಿಯಾರ.

“ಇದು, ‘ಷಡ್ಡಕ’?”

ಗೆರೆಯಣ್ಣ ಕನ್ನಡಕ ಹಣೆಗೇರಿಸಿದ. ಸ್ವಲ್ಪ ಹೊತ್ತು ಕಾಯಿಸಿದ. “ಕರೆಂಟಿನ ಮುಖ್ಯ ಲೈನ್,” ಎಂದ.

“‘ಬಾಮೈದ’?”

“ಖಾಲಿ ಪೈಪು. ಒಳಗೇನೂ ಇಲ್ಲ.”

ಅಷ್ಟೇ. ಅವಳು ಬರೆದುಕೊಂಡಳು. ಅವನ ಎಣಿಕೆ ಸರಳವಾಗಿತ್ತು: ತೂತು ಹಾಕುವ ಮೊದಲು ಯಾರಾದರೂ ಬಂದು ಕೇಳಿಯೇ ಕೇಳುತ್ತಾರೆ, ಹತ್ತೊಂಬತ್ತು ವರ್ಷ ಕೇಳಿದವರು ಈಗ ಬಿಡುತ್ತಾರೆಯೇ. ಆಗ ತಾನು ಫೈಲು ನೋಡಿ, ‘ಅಯ್ಯೋ, ಇದರಲ್ಲಿ ತಪ್ಪಿದೆಯಲ್ಲ, ಆ ಮೇಡಂ ಏನೋ ಅದಲುಬದಲು ಮಾಡಿದ್ದಾರೆ’ ಅನ್ನುವುದು. ಯಜಮಾನರಿಗೆ ಬುದ್ಧಿ ಬರುತ್ತದೆ, ಮೇಡಂ ತನ್ನ ಬಾಟಲಿ ಎತ್ತಿಕೊಂಡು ಹೊರಡುತ್ತಾಳೆ, ಕುರ್ಚಿ ಉಳಿಯುತ್ತದೆ. ಯಾರಿಗೂ ಏನೂ ಆಗುವುದಿಲ್ಲ.

ಫೈಲು ಹೋಯಿತು. ಒಂದು ವಾರ ಯಾರೂ ಬರಲಿಲ್ಲ. ಎರಡು ವಾರ ಕಳೆಯಿತು. ಫೋನ್ ಬಡಿದುಕೊಂಡಾಗಲೆಲ್ಲ ಗೆರೆಯಣ್ಣ ಕೈ ಚಾಚುತ್ತಿದ್ದ. ಮಾಡಿದವರು ಪ್ರಿಂಟರಿನ ಶಾಯಿ ಮಾರುವವರು, ಪರದೆ ಮಾರುವವರು. ಕೆಲಸ ಇನ್ನೂ ಶುರುವಾಗಿಲ್ಲ ಎಂದು ಸಮಾಧಾನ ಹೇಳಿಕೊಂಡ. ಶುರುವಾಗಿತ್ತು. ಜನಕ್ಕೆ ಕೇಳುವ ಅಗತ್ಯ ಬಿದ್ದಿರಲಿಲ್ಲ, ಅಷ್ಟೇ.

ಗುರುವಾರ ಮಧ್ಯಾಹ್ನ ಹನ್ನೆರಡರ ಸುಮಾರಿಗೆ ಹೆಂಡತಿ ಫೋನ್ ಮಾಡಿದಳು. “ಊಟಕ್ಕೆ ಮನೆಗೇ ಬನ್ನಿ. ನನ್ನ ತಮ್ಮ ಬರ್ತಾನಂತೆ, ಇಲ್ಲೇ ಹತ್ರ ಆಸ್ಪತ್ರೇಲಿ ಕೆಲಸ ಇದ್ಯಂತೆ. ಒಂದು ತೂತು ಹಾಕಿಬಿಟ್ಟು ಬರ್ತೀನಿ ಅಕ್ಕಾ ಅಂದ.”

ಅವಳ ತಮ್ಮನ ಕಸುಬೇ ಅದು. ವಜ್ರದ ಹಲ್ಲಿನ ಕೊರೆಯುವ ಯಂತ್ರ ಇಟ್ಟುಕೊಂಡು ಕಾಂಕ್ರೀಟಿಗೆ ತೂತು ಹಾಕುವವನು. ಪ್ರಾಯದ ಸಿಟ್ಟೆಲ್ಲ ಇಳಿದು ಈಗ ನಲವತ್ತೈದರ ಶಾಂತ ಮನುಷ್ಯ, ಎರಡು ಹೆಣ್ಣುಮಕ್ಕಳ ತಂದೆ. ಹಲ್ಲು ಬಿಸಿಯಾಗಬಾರದೆಂದು ಯಂತ್ರಕ್ಕೆ ಸದಾ ನೀರು ಸುರಿಸುತ್ತಾ ಕೊರೆಯಬೇಕು. ನೀರು, ಕಬ್ಬಿಣದ ಯಂತ್ರ, ನೆಲದೊಳಗೆ ಆಸ್ಪತ್ರೆಯ ಮುಖ್ಯ ಲೈನು. ಆಸ್ಪತ್ರೆಯಾದ್ದರಿಂದ ಕರೆಂಟು ತೆಗೆಯುವ ಹಾಗೂ ಇಲ್ಲ.

“ಯಾವ ಮಹಡಿ ಅಂದ?” ಎಂದು ಕೇಳಿದ ಗೆರೆಯಣ್ಣ.

“ನಂಗೇನು ಗೊತ್ತು. ಮೂರೋ ಏನೋ ಅಂದ.”

ಬಾಮೈದನಿಗೆ ಫೋನ್ ಹಚ್ಚಿದ. ಬಡಿದುಕೊಂಡು ನಿಂತಿತು. ಮತ್ತೆ ಹಚ್ಚಿದ. ಯಂತ್ರ ಓಡುವಾಗ ಅವನಿಗೆ ಫೋನ್ ಕೇಳಿಸುವುದಿಲ್ಲ, ಅದು ಗೆರೆಯಣ್ಣನಿಗೆ ಚೆನ್ನಾಗಿ ಗೊತ್ತಿತ್ತು. ಮೇಜಿನ ಮೇಲಿನ ಸ್ಕೂಟರ್ ಕೀಲಿ ಎತ್ತಿಕೊಂಡು ಆಸ್ಪತ್ರೆಗೆ ಹೊರಟ. ಆ ಒಂದೂವರೆ ಮೈಲಿಯಲ್ಲಿ ಅವನಿಗೆ ತನ್ನ ಕುರ್ಚಿ ಒಂದು ಸಲವೂ ನೆನಪಾಗಲಿಲ್ಲ. ಇದನ್ನು ಅವನ ಪರವಾಗಿ ಹೇಳಲೇಬೇಕು, ಯಾಕೆಂದರೆ ಹೇಳಲು ಬೇರೇನೂ ಇಲ್ಲ.

ಮೂರನೇ ಮಹಡಿಯ ಮೆಟ್ಟಿಲು ಹತ್ತುವಾಗಲೇ ಯಂತ್ರದ ಸದ್ದು ಕೇಳುತ್ತಿತ್ತು. ಕಾರಿಡಾರಿನ ಕೊನೆಯಲ್ಲಿ ಪ್ಲಾಸ್ಟಿಕ್ ಪರದೆ ಕಟ್ಟಿದ್ದರು. ಅದರಾಚೆ ಬಾಮೈದ ರಬ್ಬರ್ ಬೂಟಿನಲ್ಲಿ ನಿಂತು ಹಿಡಿಕೆ ತಿರುಗಿಸುತ್ತಿದ್ದ, ಬೂದು ನೀರು ಅವನ ಕಾಲ ಸುತ್ತ ಹರಡಿತ್ತು. ಗೆರೆಯಣ್ಣ ಕೂಗಿದ್ದು ಆ ಸದ್ದಿನಲ್ಲಿ ಮುಳುಗಿಹೋಯಿತು. ಪರದೆ ಹರಿದುಕೊಂಡು ಒಳಗೆ ನುಗ್ಗಿ, ಗೋಡೆಯಲ್ಲಿದ್ದ ಪ್ಲಗ್ಗನ್ನೇ ಕಿತ್ತು ಹಾಕಿದ.

ಯಂತ್ರ ನರಳುತ್ತಾ ನಿಂತಿತು. ಬಾಮೈದ ಕಿವಿಯ ಮುಚ್ಚಳ ತೆಗೆದು ನೋಡಿದ. “ಏನ್ ಭಾವ, ಊಟಕ್ಕೆ ಇಷ್ಟು ಅವಸರವಾ?”

“ಎಷ್ಟು ಇಳಿದಿದೆ?”

“ಎರಡು ಇಂಚು. ಯಾಕೆ?”

ಮುಖ್ಯ ಲೈನಿನ ಪೈಪು ಮೂರು ಇಂಚಿನ ಆಳದಲ್ಲಿತ್ತು. ಅದನ್ನು ಗೆರೆಯಣ್ಣನೇ ಬರೆದಿದ್ದ, ಇವತ್ತಿಗೂ ಮರೆತಿರಲಿಲ್ಲ. ಅವನು ಗೋಡೆಗೆ ಒರಗಿ ನೀರಿನಲ್ಲೇ ಕೂತುಬಿಟ್ಟ.

“ಕೆಳಗೆ ಮುಖ್ಯ ಲೈನಿದೆ,” ಎಂದ.

“ಇಲ್ಲ ಭಾವ. ಖಾಲಿ ಪೈಪು. ತುಂಡಾದ್ರೂ ಪರವಾಗಿಲ್ಲ ಅಂತಾನೇ ಪ್ಲಂಬಿಂಗ್ ಎಂಜಿನಿಯರು ಈ ಜಾಗ ಆರಿಸಿದ್ದು. ನಾನೂ ನೋಡಿದೆ.” ಜೇಬಿನಿಂದ ಮೊಬೈಲ್ ತೆಗೆದು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ನಕ್ಷೆ ತೆರೆದ. ಆ ಪೈಪಿನ ಮೇಲೆ ಬೆರಳಿಟ್ಟ.

“ಒಳಗೇನಿದೆ ಅಂತ ಹುಡುಕೋ ಸ್ಕ್ಯಾನರ್ ಇದೆಯಲ್ಲ ನಿನ್ನ ಹತ್ರ. ಅದನ್ನ ಯಾಕೆ ಓಡಿಸ್ಲಿಲ್ಲ? ನನ್ನನ್ನಾದ್ರೂ ಯಾಕೆ ಕೇಳ್ಲಿಲ್ಲ?”

ಬಾಮೈದ ಮೊಬೈಲನ್ನು ಅವನ ಮುಖದ ಮುಂದೆ ಹಿಡಿದ. ಪೈಪಿನ ವಿವರ ಅಲ್ಲಿ ಬಿಚ್ಚಿಕೊಂಡಿತ್ತು. ಏನು, ಎಷ್ಟು ದಪ್ಪ, ಎಷ್ಟು ಆಳ. ತೀರ ಕೆಳಗೆ, ‘ಮಾಹಿತಿ ಕೊಟ್ಟವರು’ ಎಂಬಲ್ಲಿ, ಸಂಬಳದ ಚೀಟಿಯಲ್ಲಿ ಮಾತ್ರ ಇರುತ್ತಿದ್ದ ಹೆಸರು. ಅಕ್ಷರ ಒಂದಲ್ಲ, ಪೂರ್ತಿ ಹೆಸರು. ಬಾಮೈದ ಪಕ್ಕದ ಕಂಬ ಮುಟ್ಟಿದ, ಅಲ್ಲೂ ಅದೇ ಹೆಸರು. ಗೋಡೆ ಮುಟ್ಟಿದ, ಅಲ್ಲೂ. ಆ ಮೇಡಂ ಸಣ್ಣ ಅಕ್ಷರದಲ್ಲಿ ಟೈಪ್ ಮಾಡುತ್ತಿದ್ದದ್ದು ಇದನ್ನೇ.

“ಪ್ರತಿಯೊಂದರಲ್ಲೂ ನಿಮ್ಮ ಹೆಸರಿದೆ ಭಾವ,” ಎಂದ ಬಾಮೈದ. “ಮತ್ತೆ ಯಾಕೆ ಸ್ಕ್ಯಾನ್ ಮಾಡ್ಲಿ?”

ಗೆರೆಯಣ್ಣನಿಗೆ ಆಗಲೂ ಒಂದು ದಾರಿಯಿತ್ತು. ‘ಏನೋ ತಪ್ಪಾಗಿದೆ, ಆ ಮೇಡಂ ಮಾಡಿದ್ದು’ ಎಂದು ಹೇಳಿ, ಆ ಒಂದು ತೂತನ್ನು ಮುಚ್ಚಿಸಿ, ಊಟಕ್ಕೆ ಹೋಗಬಹುದಿತ್ತು. ಆದರೆ ಅದೇ ಫೈಲು ಇನ್ನೂ ಹನ್ನೊಂದು ಜನರ ಮೊಬೈಲಿನಲ್ಲಿತ್ತು. ಯಾರು ಯಾವ ಮಹಡಿಯಲ್ಲಿ ಯಂತ್ರ ಹೂಡಿದ್ದಾರೋ ಅವನಿಗೆ ಗೊತ್ತಿರಲಿಲ್ಲ; ಅವರಲ್ಲಿ ಯಾರೂ ಕಿಟಕಿಯ ಹತ್ತಿರ ಬಂದು ಕೇಳುವವರಲ್ಲ. ಎಲ್ಲರಿಗೂ ಒಂದೇ ಸಲ ತಿಳಿಸಬಲ್ಲವಳು ಒಬ್ಬಳೇ. ನೀರಿನಲ್ಲಿ ಕೂತೇ ಅವಳಿಗೆ ಫೋನ್ ಮಾಡಿದ.

“ಮೇಡಂ, ಎಲ್ಲಾ ಕಡೆ ಕೆಲಸ ನಿಲ್ಲಿಸಿ. ಷಡ್ಡಕ ಖಾಲಿ ಪೈಪು, ಬಾಮೈದ ಮುಖ್ಯ ಲೈನು. ನಾನು ಬೇಕಂತಲೇ ತಿರುವಿ ಹೇಳಿದ್ದೆ.”

“ಈಗಲೇ ಎಲ್ಲರಿಗೂ ತಿಳಿಸ್ತೀನಿ,” ಎಂದು ಅವಳು ಫೋನ್ ಇಟ್ಟಳು. ಈ ಕಡೆ ಬಾಮೈದ ಯಂತ್ರದ ಬೋಲ್ಟು ಬಿಚ್ಚುತ್ತಿದ್ದವನು ಕೈ ನಿಲ್ಲಿಸಿದ.

“ನನ್ನ ಹೆಸರಿಟ್ಟಿದ್ದೀರಾ ಭಾವ? ಕರೆಂಟಿಗೆ?”

“ಹೂಂ.”

“ನಾನು ಸಾಯೋ ಲೈನಿಗೆ ನನ್ನ ಹೆಸರು.” ಅವನು ನಗಲು ನೋಡಿದ, ಆಗಲಿಲ್ಲ. ಮತ್ತೆ ಬೋಲ್ಟಿಗೆ ಕೈ ಹಾಕಿ, “ಅಕ್ಕಂಗೆ ಹೇಳಲ್ಲ ಬಿಡಿ,” ಎಂದ. ಅದನ್ನು ಕೇಳಿ ಗೆರೆಯಣ್ಣ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಅತ್ತ.

ಯಜಮಾನರು ಅವನನ್ನು ಕೆಲಸದಿಂದ ತೆಗೆಯಲಿಲ್ಲ. ತೆಗೆಯುವ ಯೋಚನೆ ಮೊದಲಿಂದಲೂ ಇತ್ತೋ ಇಲ್ಲವೋ, ಬಾಗಿಲು ಹಾಕಿಕೊಂಡು ಮಾತಾಡಿದ್ದು ಏನೋ, ಅದು ಇವತ್ತಿಗೂ ಅವನಿಗೆ ಗೊತ್ತಿಲ್ಲ. ಕೇಳುವ ಮುಖ ಅವನಿಗೆ ಉಳಿದಿರಲಿಲ್ಲ. ಮೇಡಂ ಮತ್ತೆ ಬಂದು ಪಕ್ಕದಲ್ಲಿ ಕೂತು ನಲವತ್ತೊಂದು ಪದರಗಳನ್ನೂ ಮೊದಲಿಂದ ಕೇಳಿದಳು. ಈ ಸಲ ಅವನು ಒಂದೊಂದು ಉತ್ತರ ಕೊಟ್ಟಾಗಲೂ ತಲೆಯೆತ್ತಿ ಅವನ ಕಣ್ಣು ನೋಡುತ್ತಿದ್ದಳು. ಆಮೇಲೆ ಆಸ್ಪತ್ರೆಗೆ ಜನ ಕಳಿಸಿ ಎಲ್ಲವನ್ನೂ ತಾಳೆ ನೋಡಿಸಿದಳು. ನಲವತ್ತೊಂದೂ ಸರಿಯಿದ್ದವು. ಸರಿಯಿದ್ದದ್ದನ್ನು ಅವಳು ಅವನಿಗೆ ಹೇಳಿದ್ದು ಮೂರು ದಿನದ ನಂತರ.

“ಹಳೆ ತಪ್ಪನ್ನ ಫೈಲಿಂದ ಅಳಿಸಕ್ಕಾಗಲ್ಲ ಸರ್,” ಎಂದಳು. “ಯಾರು ಹೇಳಿದ್ರು, ಯಾವತ್ತು ತಿದ್ದಿದ್ರು, ಎಲ್ಲಾ ಅದರಲ್ಲೇ ಉಳಿಯುತ್ತೆ.”

“ಉಳೀಲಿ,” ಎಂದ ಗೆರೆಯಣ್ಣ. ಅವತ್ತು ಅವನು ಅವಳಿಗೆ ಟೀ ತರಿಸಿದ. ಅವಳು ಬೇಡ ಅಂದಳು. ಟೀ ಕುಡಿದರೆ ಅವಳಿಗೆ ಎದೆಯುರಿಯಂತೆ, ಮೊದಲ ದಿನವೇ ಕೇಳಿದ್ದರೆ ಹೇಳುತ್ತಿದ್ದಳು.

ಕಿಟಕಿಯ ಪಕ್ಕದ ಕುರ್ಚಿ ಈಗಲೂ ಅವನದೇ. ಬಾಮೈದ ಈಗಲೂ ಊಟಕ್ಕೆ ಬರುತ್ತಾನೆ, ಅಕ್ಕನ ಹತ್ತಿರ ಜಗಳವಾಡುತ್ತಾನೆ, ‘ಭಾವ, ಇನ್ನೊಂಚೂರು ಹಾಕ್ಕೊಳಿ’ ಎಂದು ಇವನ ತಟ್ಟೆಗೆ ತಾನೇ ಬಡಿಸುತ್ತಾನೆ. ಮಾತಿನಲ್ಲಿ ಏನೂ ಬದಲಾಗಿಲ್ಲ. ಹೋದ ತಿಂಗಳು ಒಂದು ಶಾಲೆಯ ಕಟ್ಟಡದಲ್ಲಿ ಇಬ್ಬರಿಗೂ ಒಟ್ಟಿಗೆ ಕೆಲಸ ಬಿತ್ತು. ಗೆರೆಯಣ್ಣ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, “ಇಲ್ಲಿ ಹಾಕು, ಒಳಗೇನೂ ಇಲ್ಲ,” ಎಂದ. “ಸರಿ ಭಾವ,” ಎಂದ ಬಾಮೈದ. ಚೀಲದಿಂದ ಸ್ಕ್ಯಾನರ್ ತೆಗೆದ, ಮಂಡಿಯೂರಿ ಕೂತು ಆ ಗುರುತಿನ ಮೇಲೆ ಒಂದು ಸಲ ಓಡಿಸಿದ, ಆಮೇಲೆ ಅಡ್ಡಕ್ಕೆ ಇನ್ನೊಂದು ಸಲ. ಗೆರೆಯಣ್ಣ ಪಕ್ಕಕ್ಕೆ ಸರಿದು, ಅವನು ಮುಗಿಸುವವರೆಗೂ ಕಾದ.